ಬೀಜದ ಹಂದಿ ತಯಾರ್ ಮಾಡೋರು ಮೈ ನೋಡ್ಬ್ಯಾಡ್ರಿ, ತಾರೀಖು ನೋಡ್ರಿ

ಒಂದ್ ಸಲ ಜೂನ್ ತಿಂಗಳಾಗ ನಮ್ಮ ಯಾರ್ಕ್‌ಷೈರ್ ತಳಿ ಗಂಡು ಹಂದಿ ಹತ್ತಿದ್ ಹೆಣ್ಣೆಲ್ಲಾ 21 ದಿನಕ್ಕ ತಿರಗ ಬೆದಿಗಿ ಬಂದುವು, ಅಂದ್ರ ಒಂದೂ ಗಬ್ಬ ನಿಂತಿರ್ಲಿಲ್ಲ, ನಾನು ಸಿಟ್ಟಿಗೆದ್ದು ಇದರ ಕತಿ ಮುಗೀತು ಅಂತ ಮಾಂಸಕ್ಕ ಮಾರಿಬಿಟ್ಟೆ. ಆಮ್ಯಾಲ ಓದಿ ಕೇಳಿ ತಿಳ್ಕೊಂಡಾಗ ಹೊಟ್ಟಿ ಉರೀತು, ತಪ್ಪು ಹಂದೀದಲ್ಲ, ಮೇ ತಿಂಗಳ ಬಿಸಿಲಿಂದು, ಇನ್ನೊಂದು ತಿಂಗ್ಳು ಕಾದಿದ್ರ ಅದಾ ಗಂಡು ಸುಧಾರಿಸ್ತಿತ್ತೇನೋ. ಸಿಂಧನೂರು, ಮಾನ್ವಿ, ಗಂಗಾವತಿ ಕಡೆ ಬೀಜಕ್ಕ, ಅಂದ್ರ ಹೆಣ್ಣಿಗೆ ಹತ್ತಿಸಾಕ, ಗಂಡು ಹಂದಿ ಸಾಕೋರಿಗೆ ಅಂತ ಬರಿಯಾಕತ್ತೀನಿ.

ಮೊದ್ಲು ಒಂದು ಮಾತು. ಜೀನ್ ಅಂದ್ರ ಯಾವ ಪ್ರೋಟೀನ್ ಮಾಡಬೇಕು ಅಂತ ಕೋಶಕ್ಕ ಹೇಳೋ ಬರಹ, ಅವು ಮೈಯಾಗ ಯಾವಾಗ್ಲೂ ಇರ್ತಾವ, ಆದ್ರ ಎಲ್ಲಾ ಒಮ್ಮೆಗೇ ಕೆಲ್ಸ ಮಾಡಂಗಿಲ್ಲ, ನಮ್ಮ ಕಾಲುವಿ ವಾರಾಬಂದಿ ಇದ್ದಂಗ, ಪಾಳಿ ಬಂದಾಗ ಗೇಟ್ ಎತ್ತತಾವ, ಪ್ರೋಟೀನ್ ಹರೀತದ, ಪಾಳಿ ಮುಗದ್ರ ಬಂದ್. ಪಾಳಿ ಇದ್ದಾಗ ನೀವು ಮರಿಗೆ ಸರಿ ನೋಡ್ಕೊಳ್ಳಲಿಲ್ಲಾಂದ್ರ ಆಮ್ಯಾಲ ಎಷ್ಟು ತಿನ್ಸಿದ್ರೂ ಅಷ್ಟಕ್ಕಷ್ಟೇ.

ಮೊದಲನೇ ಪಾಳಿ ತಾಯಿ ಹೊಟ್ಟ್ಯಾಗ. ಹಂದಿ ಗಬ್ಬ 114 ದಿನ, ಅದರಾಗ ಮೊದಲ ನಾಕು ವಾರದೊಳಗ ವೈ ಕ್ರೋಮೋಸೋಮಿನ ಎಸ್‌ಆರ್‌ವೈ ಜೀನ್ ಎದ್ದು ಸಾಕ್ಸ್-9 ಅನ್ನೋ ಇನ್ನೊಂದು ಜೀನನ್ನ ಎಬ್ಬಿಸ್ತದ, ಅಲ್ಲಿಂದ ಬೀಜದಾಗ (ವೃಷಣದಾಗ) ಸರ್ಟೋಲಿ ಕೋಶ ತಯಾರಾಗಿ ಎಎಮ್‌ಎಚ್ ಪ್ರೋಟೀನ್ ಬಿಟ್ಟು ಗರ್ಭಚೀಲ ಆಗಬೇಕಿದ್ದ ನಾಳಾನ ಕರಗಿಸಿಬಿಡ್ತಾವ. ಪಕ್ಕದ ಲೇಡಿಗ್ ಕೋಶಗಳು ಟೆಸ್ಟೋಸ್ಟೀರಾನ್, ಐಎನ್‌ಎಸ್‌ಎಲ್-3 ಅನ್ನೋ ಎರಡು ಹಾರ್ಮೋನ್ ಬಿಡ್ತಾವ, ಇವೆರಡರಿಂದನ ಬೀಜ ಹೊಟ್ಟಿಯಿಂದ ಕೆಳಗ ಚೀಲಕ್ಕ ಇಳಿಯೋದು. ಇದರಾಗ ನಾವು ಮಾಡೋದೇನಿಲ್ಲ, ಹುಟ್ಟಿದ ವಾರದಾಗ ಮರಿ ಹಿಂದ್ಲಿಂದ ಎತ್ತಿ ಕೈಯಾಡಿಸಿ ನೋಡ್ರಿ, ಒಂದೇ ಬೀಜ ಸಿಕ್ರ ಅಥವಾ ಹರ್ನಿಯಾ ಉಬ್ಬಿದ್ರ ಅದನ್ನ ಬೀಜಕ್ಕ ಇಡಬ್ಯಾಡ್ರಿ, ಎಷ್ಟು ಚಂದ ಇದ್ರೂ ಸೈತ, ಯಾಕಂದ್ರ ಇದು ವಂಶಕ್ಕ ಹೋಗೋ ದೋಷ.

ಈಗ ಅಸಲಿ ವಿಷ್ಯ. ಸರ್ಟೋಲಿ ಕೋಶ ಅಂದ್ರ ವೀರ್ಯಾಣುಗೆ ದಾದಿ ಇದ್ದಂಗ, ಒಂದು ದಾದಿ ಇಷ್ಟೇ ಮಕ್ಕಳನ್ನ ಸಾಕ್ತಾಳ ಅಂತ ಲೆಕ್ಕ ಇರ್ತದ, ಹಂಗಾಗಿ ದೊಡ್ಡದಾದ ಮ್ಯಾಲ ದಿನಕ್ಕ ಎಷ್ಟು ವೀರ್ಯಾಣು ಬರ್ತಾವ ಅನ್ನೋದು ದಾದಿಯರ ಸಂಖ್ಯೆ ಮ್ಯಾಲ. ಹಂದ್ಯಾಗ ಅವು ಹುಟ್ಟಿದ ಮ್ಯಾಲ ಎರಡೇ ಸಲ ಜೋರಾಗಿ ಹೆಚ್ಚತಾವ, ಹುಟ್ಟಿದ ಮೊದಲ ತಿಂಗಳು ಒಮ್ಮೆ, 3ರಿಂದ 4 ತಿಂಗಳ ನಡುವ ಇನ್ನೊಮ್ಮೆ. ಅದಕ್ಕ ಬೀಜಕ್ಕ ಅಂತ ಗುರುತು ಮಾಡಿದ ಮರಿನ 12-13 ಮರಿ ಕಚ್ಚಾಡೋ ಈತಿನಾಗ ಬಿಡಬ್ಯಾಡ್ರಿ, ಕಡಿಮಿ ಮರಿ ಇರೋ ಇನ್ನೊಂದು ತಾಯಿಗೆ ಹಚ್ಚಿ ಹೊಟ್ಟಿತುಂಬ ಹಾಲು ಕುಡಿಸ್ರಿ. ಮೂರನೇ ತಿಂಗಳಾಗ ಜಂತಿನ ಔಷಧ, ಒಳ್ಳೆ ಪ್ರೋಟೀನ್ ಇರೋ ತೌಡು-ಸೋಯಾ ಹಿಂಡಿ, ಬೂಸ್ಟು ಹತ್ತಿದ ಮೆಕ್ಕಿಜೋಳ ಬಿಲ್ಕುಲ್ ಬ್ಯಾಡ, ಅದರಾಗಿನ ಜಿಯರಾಲೆನೋನ್ ವಿಷ ಹೆಣ್ಣು ಹಾರ್ಮೋನಿನಂಗ ಆಟ ಆಡ್ತದ. ಈ ಪಾಳಿ ಮುಗದ ಮ್ಯಾಲ ಎಎಮ್‌ಎಚ್ ಇಳೀತದ, ಗಂಡು ಹಾರ್ಮೋನ್ ಹಿಡಿಯೋ ಆಂಡ್ರೋಜೆನ್ ರಿಸೆಪ್ಟರ್ ಏರ್ತದ, ಪಿ-27 ಅನ್ನೋ ಪ್ರೋಟೀನ್ ಬ್ರೇಕ್ ಹಾಕ್ತದ, ಇನ್ನ ದಾದಿಯರು ಹೆಚ್ಚಂಗಿಲ್ಲ. ಬ್ಯಾಗನೆ ಹರೇಕ್ಕ ಬಂದ್ರ ಭಾರಿ ಗಂಡು ಅಂತ ನಮ್ಮವ್ರು ಕುಣೀತಾರ, ಆದ್ರ ಹರೇ ಬ್ಯಾಗ ಬಂದ್ರ ದಾದಿಯರ ಪಾಳಿನೂ ಬ್ಯಾಗ ಮುಗೀತದ, ಚೀನಾದ ಮೈಶಾನ್ ತಳಿ ನೋಡ್ರಿ, ಎಲ್ಲಾರಿಗಿಂತ ಮುಂಚೆ ಹರೇಕ್ಕ ಬರ್ತದ, ಬೀಜ ಮಾತ್ರ ಸಣ್ಣವೇ ಉಳೀತಾವ.

ಸುಮಾರು 5 ತಿಂಗಳಿಗೆ ವೀರ್ಯಾಣು ಕಾಣಿಸ್ತಾವ. ಆಗ ಹಿಸ್ಟೋನ್ ಅನ್ನೋ ಪ್ರೋಟೀನ್ ಹೋಗಿ ಪ್ರೋಟಮೀನ್ ಅನ್ನೋ ಇನ್ನೊಂದು ಪ್ರೋಟೀನ್ ಬಂದು ಡಿಎನ್‌ಎನ ಗಟ್ಟ್ಯಾಗಿ ಸುತ್ತತದ, ಬೀಜದಾಗ ಮಾತ್ರ ಇರೋ ಎಲ್‌ಡಿಎಚ್-ಸಿ ಅನ್ನೋ ಎಂಜೈಮ್ ಬರ್ತದ, ವೀರ್ಯಾಣು ಓಡಾಕ ಶಕ್ತಿ ಕೊಡೋದ್ರಾಗ ಅದರ ಕೈ ಅದ. ಇಲ್ಲಿ ರಾಯಚೂರಿನೋರು ಎಚ್ಚರ, ಹತ್ತಿಕಾಳು ಹಿಂಡಿ ಅಗ್ಗ ಸಿಗ್ತದ ಅಂತ ಹಾಕ್ತೀರಿ, ಅದರಾಗಿನ ಗಾಸಿಪಾಲ್ ಅನ್ನೋ ವಿಷ ಅದಾ ಎಂಜೈಮಿಗೆ ಅಡ್ಡ ಬರ್ತದ. ಎಮ್ಮಿ ತಡ್ಕೋತದ, ಹಂದಿ ತಡ್ಯಂಗಿಲ್ಲ. ಬೀಜದ ಗಂಡಿಗೆ ಅದು ಬ್ಯಾಡ್ವೇ ಬ್ಯಾಡ.

ವೀರ್ಯಾಣು ಬಂತು ಅಂತ ಆಗ್ಲೇ ಹತ್ತಿಸಬ್ಯಾಡ್ರಿ, 8 ತಿಂಗಳಾಗ್ಲಿ, ಮೊದಮೊದಲು ವಾರಕ್ಕ ಎರಡಕ್ಕಿಂತ ಹೆಚ್ಚು ಬ್ಯಾಡ.

ಇನ್ನ ಬಿಸಿಲು. ಹಂದಿಗೆ ನಮ್ಮಂಗ ಬೆವರು ಬರಂಗಿಲ್ಲ, ಇಲ್ಲಿ 40 ಡಿಗ್ರಿ ದಾಟ್ತದ, ಬೀಜದಾಗಿನ ಕೋಶ ಬಿಸಿಯಿಂದ ಉಳಕೊಳ್ಳಾಕ ಎಚ್‌ಎಸ್‌ಪಿ-70 ಪ್ರೋಟೀನ್ ಮಾಡ್ಕೊಂಡು ಒದ್ದಾಡ್ತಾವ, ತಡೀಲಾರದವು ಸಾಯ್ತಾವ. ಆದ್ರ ಇದು ಅವತ್ತೇ ಗೊತ್ತಾಗಂಗಿಲ್ಲ. ಒಂದು ವೀರ್ಯಾಣು ತಯಾರಾಗಾಕ ಸುಮಾರು 39 ದಿನ, ಆಮ್ಯಾಲ ಬೀಜಕ್ಕ ಹತ್ತಿದ, ವೀರ್ಯಾಣು ಬಲಿಯೋ ಎಪಿಡಿಡೈಮಿಸ್ ನಾಳ ದಾಟಾಕ 10 ದಿನ, ಅಂದ್ರ ಬಿಸಿಲಿನ ಏಟು ಎರಡು ವಾರಕ್ಕ ಕಾಣಿಸಿ ಸುಮಾರು 50 ದಿನ ಕಾಡ್ತದ. ಮೇ 25ಕ್ಕ ಬಿಸಿಲು ಮುರದ್ರ ಜುಲೈ ಮಧ್ಯದ ತನಕ ಆ ಗಂಡಿನ ಮ್ಯಾಲ ನಂಬಿಕಿ ಇಡಬ್ಯಾಡ್ರಿ, ಮಾರಾಕೂ ಹೋಗಬ್ಯಾಡ್ರಿ, ಆ ನಡುವ ಬೆದಿಗಿ ಬಂದ ಹೆಣ್ಣಿಗೆ ಡಾಕ್ಟ್ರನ್ನ ಕೇಳಿ ಸೂಜಿ, ಅಂದ್ರ ಕೃತಕ ಗರ್ಭಧಾರಣೆ, ಮಾಡಿಸ್ರಿ. ಜ್ವರ ಬಂದು ಎದ್ದ ಗಂಡಿಗೂ ಇದಾ ಲೆಕ್ಕ. ಬ್ಯಾಸಿಗ್ಯಾಗ ಕಾಲುವಿ ನೀರು ಬಂದ್ ಆಗಿರ್ತದ, ಹಂಗಾಗಿ ಬೋರ್ ನೀರಿಗೆ ಮಂಜಿನಂಗ ನೀರು ಚಿಮ್ಮೋ ಒಂದು ಫಾಗರ್ ಪೈಪು, ತಗಡಿನ ಮ್ಯಾಲ ಜ್ವಾಳದ ಸೊಪ್ಪಿ, ಮಧ್ಯಾಹ್ನ 12ರಿಂದ 4ರ ತನಕ ಗಂಟೆಗೊಮ್ಮೆ ಮೈ ತೋಯಿಸೋದು, ಹತ್ತಿಸೋದು ಏನಿದ್ರೂ ಬೆಳಗ್ಗೆ 7ರೊಳಗ. ನಾನೀಗ ಶೆಡ್ಡಿನ ಗ್ವಾಡಿ ಮ್ಯಾಲ ಇದ್ದಲಿಂದ ತಾರೀಖು ಬರದಿಡ್ತೀನಿ, ಬಿಸಿಲು ಮುರದಿದ್ದು ಒಂದು, ಅದಕ್ಕ 50 ಕೂಡಿಸಿದ್ದು ಇನ್ನೊಂದು.