ದೋಷ ಪ್ರೋಗ್ರಾಮಿನಲ್ಲಿರಲಿಲ್ಲ

ಪಿಎಚ್.ಡಿ.ಯ ಎರಡನೆಯ ವರ್ಷದಲ್ಲಿ ನಾನು ಬರೆದ ಪ್ರೋಗ್ರಾಮಿನಲ್ಲಿ ಎರಡು ಏಜೆಂಟ್‌ಗಳು, ಅಂದರೆ ಆಡುತ್ತಲೇ ಕಲಿಯುವ ಕಂಪ್ಯೂಟರ್ ಆಟಗಾರರು, ಎದುರಾಳಿಗಳಾಗಿ ಆಡುತ್ತ, ಪ್ರತಿ ಸುತ್ತಿನ ಬಳಿಕ ಗ್ರೇಡಿಯೆಂಟ್ (ಗಳಿಕೆ ಅತಿ ವೇಗವಾಗಿ ಏರುವ ದಿಕ್ಕಿನ ಲೆಕ್ಕ) ತೋರಿದ ದಿಕ್ಕಿನಲ್ಲಿ ತಮ್ಮ ತಂತ್ರವನ್ನು ತುಸು ತಿದ್ದಿಕೊಳ್ಳುತ್ತಿದ್ದವು. ಒಬ್ಬರ ಗಳಿಕೆ ಇನ್ನೊಬ್ಬರ ನಷ್ಟಕ್ಕೆ ಸಮನಾಗಿರುವ ಶೂನ್ಯ ಮೊತ್ತದ ಆಟವಾದ್ದರಿಂದ ಎರಡೂ ಕ್ರಮೇಣ ಸಮತೋಲನಕ್ಕೆ, ಅಂದರೆ ತಾನೊಂದೇ ತಂತ್ರ ಬದಲಿಸಿ ಯಾವುದೂ ಹೆಚ್ಚು ಗಳಿಸಲಾಗದ ಸ್ಥಿತಿಗೆ, ಬಂದು ನಿಲ್ಲುತ್ತವೆಂದು ನಂಬಿದ್ದೆ. ಅವು ನಿಲ್ಲಲಿಲ್ಲ. ವಾರಗಟ್ಟಲೆ ಪ್ರೋಗ್ರಾಮಿನ ಸಾಲುಸಾಲನ್ನೂ ತಡಕಿದೆ, ತಪ್ಪು ಸಿಗಲಿಲ್ಲ.

ಕೊನೆಗೆ ಎಲ್ಲವನ್ನೂ ಬದಿಗಿಟ್ಟು, ಎಕ್ಸ್ ಮತ್ತು ವೈ ಎಂಬ ಎರಡೇ ಸಂಖ್ಯೆಗಳ ಆಟವನ್ನು ಕಾಗದದ ಮೇಲೆ ಬರೆದೆ. ಎರಡರ ಗುಣಲಬ್ಧವನ್ನು ಒಬ್ಬ ಎಕ್ಸ್ ಬದಲಿಸಿ ತಗ್ಗಿಸಬೇಕು, ಇನ್ನೊಬ್ಬ ವೈ ಬದಲಿಸಿ ಹೆಚ್ಚಿಸಬೇಕು. ಸಮತೋಲನ ಇರುವುದು ಎರಡೂ ಸೊನ್ನೆಯಾಗಿರುವಲ್ಲಿ. ಎರಡೂ 1 ಇರುವಲ್ಲಿಂದ ಹೊರಟು, ಹೆಜ್ಜೆಯ ಗಾತ್ರ 0.1 ಎಂದಿಟ್ಟುಕೊಂಡರೆ, ಒಂದು ಹೆಜ್ಜೆಯ ನಂತರ ಎಕ್ಸ್ 0.9, ವೈ 1.1. ಸೊನ್ನೆಯಿಂದ ಇರುವ ದೂರವನ್ನು ತೋರುವ ವರ್ಗಗಳ ಮೊತ್ತ 2 ಇದ್ದದ್ದು 2.02 ಆಯಿತು. ಸಮತೋಲನದ ಕಡೆಗೆ ಹೋಗಬೇಕಾದ ಹೆಜ್ಜೆ ಅದರಿಂದ ದೂರ ಒಯ್ದಿತ್ತು, ಮತ್ತು ಹೆಜ್ಜೆಯನ್ನು ಎಷ್ಟೇ ಚಿಕ್ಕದು ಮಾಡಿದರೂ ಈ ದೂರ ಬೆಳೆಯುತ್ತಲೇ ಹೋಗುತ್ತದೆ. ನಾನು ಹುಡುಕುತ್ತಿದ್ದ ದೋಷ ವಿಧಾನದಲ್ಲಿಯೇ ಇತ್ತು.

ಇಲ್ಲಿ ಪರಿಚಿತ ಪರಿಹಾರವೆಂದರೆ ಎಲ್ಲ ಸುತ್ತುಗಳ ತಂತ್ರಗಳ ಸರಾಸರಿ ತೆಗೆದುಕೊಳ್ಳುವುದು. ಗಣಿತಜ್ಞೆ ಜೂಲಿಯಾ ರಾಬಿನ್ಸನ್ 1951ರಲ್ಲೇ, ಎದುರಾಳಿಯ ಈವರೆಗಿನ ನಡೆಗಳ ಸರಾಸರಿಗೆ ಅತ್ಯುತ್ತಮ ಪ್ರತಿನಡೆ ಇಡುವ ಆಟಗಾರರ ಸರಾಸರಿ ತಂತ್ರಗಳು ಶೂನ್ಯ ಮೊತ್ತದ ಆಟಗಳಲ್ಲಿ ಸಮತೋಲನವನ್ನು ಸಮೀಪಿಸುತ್ತವೆಂದು ಸಾಧಿಸಿದ್ದರು. ಆದರೆ ನನ್ನ ಏಜೆಂಟ್‌ಗಳು ನ್ಯೂರಲ್ ನೆಟ್‌ವರ್ಕ್‌ಗಳು. ಅವುಗಳ ತೂಕಗಳನ್ನು, ಅಂದರೆ ತಂತ್ರವನ್ನು ನಿರ್ಧರಿಸುವ ಒಳಗಿನ ಸಂಖ್ಯೆಗಳನ್ನು, ಸರಾಸರಿ ಮಾಡಿದರೆ ಸರಾಸರಿ ತಂತ್ರ ದೊರೆಯುವುದಿಲ್ಲ. ಕೊನೆಯ ಸುತ್ತಿನ ತಂತ್ರವೇ ಒಳ್ಳೆಯದಾಗಿರಬೇಕಿತ್ತು.

ಆಗ ನೆರವಿಗೆ ಬಂದದ್ದು ಗಣಿತಜ್ಞೆ ಕಾರ್ಪೆಲೆವಿಚ್ 1976ರಲ್ಲಿ ಪ್ರಕಟಿಸಿದ ವಿಧಾನ. ಮೊದಲು ಒಂದು ಮುನ್ನೋಟದ ಹೆಜ್ಜೆ ಇಟ್ಟು, ಅಲ್ಲಿನ ಗ್ರೇಡಿಯೆಂಟನ್ನು ಓದಿಕೊಂಡು, ಹಳೆಯ ಜಾಗಕ್ಕೇ ಮರಳಿ ನಿಜವಾದ ಹೆಜ್ಜೆಯನ್ನು ಇಡಬೇಕು. ಅದೇ ಲೆಕ್ಕದಲ್ಲಿ ಎಕ್ಸ್ 0.89, ವೈ 1.09 ಆಗಿ ಮೊತ್ತ 1.9802ಕ್ಕೆ ಇಳಿಯಿತು. ಆ ಸಂಖ್ಯೆ ಕಂಡಾಗ ಆದಷ್ಟು ಸಂತೋಷ ಆನಂತರದ ಯಾವ ಫಲಿತಾಂಶದಿಂದಲೂ ನನಗೆ ಆಗಿಲ್ಲ.

ದೊಡ್ಡ ಆಟದಲ್ಲಿ ಇದನ್ನು ನೇರವಾಗಿ ಬಳಸಲಾಗಲಿಲ್ಲ. ಪ್ರತಿ ಗ್ರೇಡಿಯೆಂಟಿಗೂ ಅನೇಕ ಪಂದ್ಯಗಳನ್ನು ಆಡಿಸಬೇಕಾದಲ್ಲಿ, ಹೆಜ್ಜೆಗೆ ಎರಡು ಗ್ರೇಡಿಯೆಂಟ್ ಎಂದರೆ ಖರ್ಚು ಇಮ್ಮಡಿ. ಹಾಗಾಗಿ ಹಿಂದಿನ ಸುತ್ತಿನ ಗ್ರೇಡಿಯೆಂಟನ್ನೇ ಮುನ್ನೋಟಕ್ಕೆ ಮರುಬಳಸುವ ರೂಪವನ್ನು ಆರಿಸಿಕೊಂಡೆ. ಜೊತೆಗೆ, ಗಳಿಕೆಯ ಗೆರೆಯನ್ನು ನೋಡುವುದನ್ನು ಬಿಟ್ಟು, ಎದುರಾಳಿಯನ್ನು ಹಾಗೆಯೇ ಇರಿಸಿ ಒಂದು ಏಜೆಂಟ್ ಮಾತ್ರ ತಂತ್ರ ಬದಲಿಸಿದರೆ ಎಷ್ಟು ಹೆಚ್ಚು ಗಳಿಸಬಲ್ಲದೆಂದು ಅಳೆಯತೊಡಗಿದೆ. ಗಳಿಕೆ ಸಮತಟ್ಟಾಗಿ ಕಾಣುತ್ತಿದ್ದ ಎಷ್ಟೋ ಹಳೆಯ ಪ್ರಯೋಗಗಳಲ್ಲಿ ಈ ಅಂತರ ಏರುತ್ತಲೇ ಇತ್ತು. ಅವನ್ನೆಲ್ಲ ಪ್ರಬಂಧದಿಂದ ತೆಗೆದು, ಮೊದಲಿನಿಂದ ಮತ್ತೆ ಮಾಡಿದೆ.