ಕಿಂಡರ್ ಕೆಸರಿನಲ್ಲಿ ಗೆಳೆಯರ ಜೊತೆ ನಡೆಯೋದು ಹೇಗೆ

ಇಂಗ್ಲೆಂಡಿನ ಮ್ಯಾಂಚೆಸ್ಟರ್ ಅಥವಾ ಶೆಫೀಲ್ಡ್ ಕಡೆ ಇದ್ದೀರಾ? ಅಕ್ಟೋಬರ್-ನವೆಂಬರ್‌ನಲ್ಲಿ ಗೆಳೆಯರನ್ನು ಕಟ್ಟಿಕೊಂಡು ಎಲ್ಲಾದರೂ ಹೋಗಬೇಕು ಅಂತಿದ್ದರೆ ಕಿಂಡರ್ ಸ್ಕೌಟ್ ಬೆಟ್ಟಕ್ಕೆ ಹೋಗಿ. ಆ ಎರಡು ಊರುಗಳ ನಡುವಿನ ಪೀಕ್ ಡಿಸ್ಟ್ರಿಕ್ಟ್ ಅನ್ನುವ ಗುಡ್ಡಗಾಡಿನಲ್ಲಿ ಇದೇ ಎಲ್ಲಕ್ಕಿಂತ ಎತ್ತರದ ಜಾಗ, 636 ಮೀಟರ್. ಮುಳ್ಳಯ್ಯನಗಿರಿ ಹತ್ತಿದವರಿಗೆ ಇದೇನು ಮಹಾ ಅನ್ನಿಸಬಹುದು. ಆದರೆ ಇಲ್ಲಿ ಎತ್ತರ ಲೆಕ್ಕಕ್ಕಿಲ್ಲ. ಮೇಲೆ ಹೋದರೆ ಚೂಪಾದ ತುದಿ ಅಂತ ಏನೂ ಸಿಗೋದಿಲ್ಲ, ಕಣ್ಣು ಹಾಯಿಸಿದಷ್ಟೂ ಕಪ್ಪು ಕೆಸರಿನ ಬಯಲು, ನಡುವೆ ಆಳುದ್ದ ಕೊರಕಲುಗಳು. ಬೆಟ್ಟ ಹತ್ತೋದು ಸುಲಭ, ಆ ಬಯಲು ದಾಟೋದೇ ಕೆಲಸ.

ಮೊದಲು ಈ ಕೆಸರು ಏನು ಅಂತ ತಿಳಿದುಕೊಂಡರೆ ಒಳ್ಳೇದು. ಇದು ಮಣ್ಣಲ್ಲ, ಪೀಟ್. ಸಾವಿರಾರು ವರ್ಷಗಳಿಂದ ಸತ್ತ ಪಾಚಿ, ಹುಲ್ಲು ನೀರಿನಲ್ಲೇ ಇದ್ದು ಪೂರ್ತಿ ಕೊಳೆಯದೆ ಒಂದರ ಮೇಲೊಂದು ಕೂತಿದ್ದು. ವರ್ಷಕ್ಕೆ ಹೆಚ್ಚುಕಮ್ಮಿ ಒಂದು ಮಿಲಿಮೀಟರ್ ಬೆಳೆಯುತ್ತದೆ, ಕೆಲವು ಕಡೆ ಎರಡು-ಮೂರು ಮೀಟರ್ ದಪ್ಪ ಇದೆ. ಇದನ್ನು ಕಟ್ಟುವ ಸ್ಫ್ಯಾಗ್ನಮ್ ಪಾಚಿ ತನ್ನ ತೂಕದ ಇಪ್ಪತ್ತು ಪಟ್ಟುವರೆಗೆ ನೀರು ಹಿಡಿಯಬಲ್ಲದು. ಸುತ್ತಲಿನ ಗಿರಣಿ ಊರುಗಳ ಹೊಗೆಗೆ ಆ ಪಾಚಿ ಬಹಳಷ್ಟು ಸತ್ತುಹೋಯಿತು, ಪೀಟ್ ಬರಿಮೈಯಾಗಿ ಮಳೆಗೆ ಕೊಚ್ಚಿಹೋಗತೊಡಗಿತು. ಈಗ ಕೊರಕಲುಗಳಿಗೆ ಕಲ್ಲು, ಮರದ ಸಣ್ಣ ಒಡ್ಡು ಹಾಕಿ ನೀರು ನಿಲ್ಲಿಸುತ್ತಿದ್ದಾರೆ. ಅಂದರೆ ಬೆಟ್ಟವನ್ನು ಬೇಕಂತಲೇ ಒದ್ದೆ ಮಾಡುತ್ತಿದ್ದಾರೆ! ನಮ್ಮ ಶೂಗೆ ಕಷ್ಟ, ಬೆಟ್ಟಕ್ಕೆ ಒಳ್ಳೇದು. ಆ ಒಡ್ಡುಗಳ ಮೇಲೆ ಮಾತ್ರ ಕಾಲಿಡಬೇಡಿ.

ಇನ್ನು ದಾರಿ. ಮ್ಯಾಂಚೆಸ್ಟರ್-ಶೆಫೀಲ್ಡ್ ನಡುವಿನ ರೈಲಿನಲ್ಲಿ ಈಡೇಲ್‌ನಲ್ಲಿ ಇಳಿಯಿರಿ. ಕಾರು ತರಬೇಡಿ, ಜಾಗ ಸಿಗೋದು ಕಷ್ಟ. ಅಪ್ಪರ್ ಬೂತ್ ಅನ್ನುವ ಪುಟ್ಟ ಹಳ್ಳಿ ಮೂಲಕ ಹೋಗಿ ಜೇಕಬ್ಸ್ ಲ್ಯಾಡರ್ ಅನ್ನುವ ಕಲ್ಲಿನ ಮೆಟ್ಟಿಲು ಹತ್ತಿ, ಕಿಂಡರ್ ಲೋ ಅನ್ನುವ ದಿಬ್ಬದ ಕಡೆಯಿಂದ ಬಯಲಿನ ಅಂಚು ಹಿಡಿದು ಬಂದು, ಗ್ರೈಂಡ್ಸ್‌ಬ್ರುಕ್ ಕಣಿವೆಯಲ್ಲಿ ಇಳಿದರೆ ಸುಮಾರು 13 ಕಿಲೋಮೀಟರ್. ಗಂಟೆಗೆ 5 ಕಿಲೋಮೀಟರ್, ಜೊತೆಗೆ ಪ್ರತಿ 600 ಮೀಟರ್ ಏರಿಕೆಗೆ ಒಂದು ಗಂಟೆ ಅನ್ನೋದು ಇಲ್ಲಿನ ಹಳೇ ಲೆಕ್ಕ. ಅದರ ಪ್ರಕಾರ ಮೂರೂವರೆ ಗಂಟೆ ಸಾಕು. ನೀವು ಐದೂವರೆ ಗಂಟೆ ಇಟ್ಟುಕೊಳ್ಳಿ. ಕೆಸರು ಒಂದಷ್ಟು ತಿನ್ನುತ್ತದೆ, ಉಳಿದಿದ್ದನ್ನು ಫೋಟೋ ತಿನ್ನುತ್ತದೆ. ಅಕ್ಟೋಬರ್ ಕೊನೇ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ, ನವೆಂಬರ್ ಮೊದಲ ವಾರದಲ್ಲಿ ಸಂಜೆ ನಾಲ್ಕೂವರೆ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ಹಾಗಾಗಿ ಬೆಳಗ್ಗೆ ಹತ್ತಕ್ಕೆ ಮುಂಚೆ ನಡಿಗೆ ಶುರುವಾಗಲೇಬೇಕು. ಹನ್ನೊಂದು ಗಂಟೆ ರೈಲಿಗೆ ಬರ್ತೀನಿ ಅನ್ನುವ ಗೆಳೆಯನಿಗೆ ಸಂಜೆ ಊಟಕ್ಕೆ ಸೀದಾ ಬಾ ಅನ್ನಿ.

ಕೆಸರಿನಲ್ಲಿ ಕಣ್ಣಿಗೆ ಕೆಲಸ ಜಾಸ್ತಿ, ಕಾಲಿಗೆ ಆಮೇಲೆ. ಬಣ್ಣ ನೋಡಿ. ಕಂದು ಬಣ್ಣದ ಹೆದರ್ ಪೊದೆ ಇದ್ದ ಕಡೆ ನೆಲ ಸಾಮಾನ್ಯವಾಗಿ ಗಟ್ಟಿ, ಧೈರ್ಯವಾಗಿ ಕಾಲಿಡಬಹುದು. ಶರತ್ಕಾಲದಲ್ಲಿ ಕಿತ್ತಳೆ ಬಣ್ಣಕ್ಕೆ ತಿರುಗಿದ ಹುಲ್ಲಿನ ಗುಪ್ಪೆಗಳು ಫೋಟೋಗೆ ಚೆಂದ, ಆದರೆ ಗುಪ್ಪೆ ಗುಪ್ಪೆಗಳ ನಡುವೆ ಗುಂಡಿ ಇರುತ್ತದೆ, ಕಾಲು ಉಳುಕೋದು ಅಲ್ಲೇ. ಜೊಂಡು ಕಂಡರೆ ನೀರು ಇದೆ ಅಂತಲೇ ಅರ್ಥ, ದಾಟಲೇಬೇಕಿದ್ದರೆ ಅದರ ಬುಡದ ಮೇಲೆ ಕಾಲಿಡಿ, ಸಂದಿಯಲ್ಲಿ ಅಲ್ಲ. ತಿಳಿ ಹಸಿರಾಗಿ, ಮೆತ್ತಗೆ, ಹಾಸಿಗೆ ಹಾಸಿದ ಹಾಗೆ ನುಣ್ಣಗೆ ಕಾಣುವ ಜಾಗ ಇದೆಯಲ್ಲ, ಅದೇ ಪಾಚಿ. ಅದರ ಕಡೆ ಹೋಗಲೇಬೇಡಿ, ಕೆಳಗೆ ಬರೀ ನೀರು. ಕಪ್ಪು ಪೀಟ್ ಮಂಕಾಗಿ, ಬಿರುಕು ಬಿಟ್ಟಿದ್ದರೆ ಸರಿ. ಹೊಳೆಯುತ್ತಿದ್ದರೆ ಕೋಲು ಚುಚ್ಚಿ ನೋಡಿ. ಕೋಲು ಮೊಣಕಾಲಿನಷ್ಟು ಒಳಗೆ ಹೋದರೆ ಸುತ್ತಿಕೊಂಡು ಹೋಗಿ. ಕೊರಕಲಿಗೆ ಇಳಿದಾಗ ತಳದಲ್ಲಿ ಮರಳು, ಸಣ್ಣ ಕಲ್ಲು ಕಂಡರೆ ಅದು ಪಕ್ಕದ ದಂಡೆಗಿಂತ ಎಷ್ಟೋ ವಾಸಿ.

ಕಾಲು ಹೂತುಹೋಯಿತು ಅಂದುಕೊಳ್ಳಿ. ಸಿಟ್ಟಿನಿಂದ ಎಳೆದರೆ ಕಾಲು ಬರುತ್ತದೆ, ಶೂ ಬರೋದಿಲ್ಲ. ನಿಂತು, ಇನ್ನೊಂದು ಕಾಲನ್ನು ಗಟ್ಟಿ ಜಾಗದಲ್ಲಿಟ್ಟು, ಹೂತ ಪಾದವನ್ನು ಅತ್ತಿತ್ತ ಅಲ್ಲಾಡಿಸಿ. ಪಕ್ಕದಿಂದ ನೀರು, ಗಾಳಿ ಒಳಗೆ ಇಳಿದು ಬುಳಬುಳ ಅನ್ನುತ್ತದೆ. ಆಗ ಹಿಮ್ಮಡಿ ಮೊದಲು ಮೇಲೆ ಬರುವ ಹಾಗೆ ನಿಧಾನವಾಗಿ ಎತ್ತಿ. ಎರಡೂ ಕಾಲು ಹೋದರೆ ಹಿಂದಕ್ಕೆ ವಾಲಿ ಕೂತುಬಿಡಿ, ಪ್ಯಾಂಟು ಹಾಳಾದರೆ ಆಗಲಿ. ಉಳಿದವರು ಓಡಿ ಬಂದು ಪಕ್ಕದಲ್ಲಿ ನಿಲ್ಲಬೇಡಿ, ಕೋಲು ಚಾಚಿ.

ಗುಂಪಿನಲ್ಲಿ ಒಂದು ವಿಚಿತ್ರ ಇದೆ. ಹಸಿ ಕೆಸರಿನಲ್ಲಿ ಮೊದಲನೆಯವನು ದಾಟಿದ ಜಾಗ ಮೂರನೆಯವನಿಗೆ ಕುಸಿಯುತ್ತದೆ. ಅಲ್ಲಿ ಒಬ್ಬನ ಹೆಜ್ಜೆ ಮೇಲೆ ಇನ್ನೊಬ್ಬರು ಕಾಲಿಡದೆ ಸ್ವಲ್ಪ ಪಕ್ಕ ಇಡಿ. ಆದರೆ ಕಲ್ಲು ಹಾಸಿದ ದಾರಿ ಇದ್ದಲ್ಲಿ ಶೂ ಕೊಳೆ ಆಗುತ್ತದೆ ಅಂತ ಅಂಚಿಗೆ ಸರಿಯಬೇಡಿ, ದಾರಿ ಅಗಲವಾಗಿ ಗಿಡ ಸಾಯುತ್ತವೆ. ನಿಧಾನ ನಡೆಯುವವರನ್ನು ಎರಡನೆಯ ಜಾಗದಲ್ಲಿ ಬಿಡಿ, ಗಟ್ಟಿ ಆಸಾಮಿ ಒಬ್ಬರು ಕೊನೆಯಲ್ಲಿರಲಿ. ಮಂಜು ಕವಿದರೆ ಮಾತಾಡುವಷ್ಟು ಹತ್ತಿರದಲ್ಲೇ ಇರಿ. 636 ಮೀಟರಿನ ಆ ಜಾಗ ಬಯಲಿನ ನಡುವೆ ಎಲ್ಲೋ ಇದೆ. ಮಂಜಿನಲ್ಲಿ ಅದನ್ನು ಹುಡುಕೋದು ಸುಮ್ನೆ ಹಟ, ಬಿಟ್ಟುಬಿಡಿ. ಫೋನ್ ಮ್ಯಾಪ್ ಜೊತೆಗೆ ಈ ಭಾಗದ, ಅಂದರೆ ಡಾರ್ಕ್ ಪೀಕ್‌ನ 1:25,000 ಕಾಗದದ ನಕ್ಷೆ, ದಿಕ್ಸೂಚಿ ಇರಲಿ. ಅವನ್ನು ನೋಡಿ ದಾರಿ ಹಿಡಿಯಲು ಗೊತ್ತಿರುವವರು ಗುಂಪಿನಲ್ಲಿ ಕನಿಷ್ಠ ಇಬ್ಬರು ಇರಲಿ. ಏನಾದರೂ ಆದರೆ 999ಕ್ಕೆ ಫೋನ್ ಮಾಡಿ ಮೊದಲು ಪೊಲೀಸ್ ಕೇಳಿ, ಆಮೇಲೆ ಮೌಂಟನ್ ರೆಸ್ಕ್ಯೂ ಅನ್ನಿ. ಸಿಗ್ನಲ್ ಇಲ್ಲದಿದ್ದರೆ ಸೀಟಿ, ನಿಮಿಷಕ್ಕೆ ಆರು ಸಲ.

ಜೀನ್ಸ್ ಬೇಡ. ಒದ್ದೆಯಾದರೆ ಒಣಗೋದಿಲ್ಲ, ಚಳಿ ಮೂಳೆಗೆ ಇಳಿಯುತ್ತದೆ. ಉಣ್ಣೆ ಕಾಲುಚೀಲ ಎರಡು ಜೊತೆ, ಮಳೆ ಕೋಟು, ಹೆಡ್ ಟಾರ್ಚ್, ಶೂ ಒಳಗೆ ಕೆಸರು ಹೋಗದ ಹಾಗೆ ಮೊಣಕಾಲಿನವರೆಗೆ ಕಟ್ಟಿಕೊಳ್ಳುವ ಗೇಟರ್. ಊಟಕ್ಕೆ ಚಿತ್ರಾನ್ನ ತರೋಣ ಅಂತ ಯಾರಾದರೂ ಅಂದೇ ಅಂತಾರೆ. ಆ ಗಾಳಿಗೆ ಕೈ ಮರಗಟ್ಟಿರುತ್ತದೆ, ಅನ್ನ ಹಾರುತ್ತದೆ. ಚಪಾತಿಗೆ ಪಲ್ಯ ಸುತ್ತಿ ತನ್ನಿ, ಜೊತೆಗೆ ಕೋಡುಬಳೆ, ಫ್ಲಾಸ್ಕ್‌ನಲ್ಲಿ ಬಿಸಿ ಚಹಾ. ಸಮಾಧಾನದ ಸಂಗತಿ ಏನಂದರೆ ನಮ್ಮ ಮಲೆನಾಡಿನ ಹಾಗೆ ಕಾಲಿಗೆ ಉಂಬಳ ಹತ್ತುವ ಕಾಟ ಇಲ್ಲ.

ತಿನ್ನಲು ಕೂರೋದಿದ್ದರೆ ಗಾಳಿಗೆ ಮರೆಯಾದ ಬಂಡೆ ಹುಡುಕಿ. ಸಮಯ ಇದ್ದರೆ ಮೇಲೆ ಹೇಳಿದ ದಾರಿ ಬಿಟ್ಟು, ಕಿಂಡರ್ ಲೋದಿಂದ ಉತ್ತರಕ್ಕಿರುವ ಕಿಂಡರ್ ಡೌನ್‌ಫಾಲ್ ನೋಡಿ ಬರಬಹುದು. ಸುಮಾರು 30 ಮೀಟರ್ ಎತ್ತರದ ಜಲಪಾತ ಅದು, ಪಶ್ಚಿಮದಿಂದ ಗಾಳಿ ಜೋರಾಗಿದ್ದರೆ ನೀರು ಕೆಳಗೆ ಬೀಳದೆ ಮೇಲಕ್ಕೆ ಹಾರಿ ನಿಮ್ಮ ಮುಖಕ್ಕೇ ಬರುತ್ತದೆ. ಅಂದಹಾಗೆ ಜಮೀನುದಾರರ ಕೈಯಲ್ಲಿದ್ದ ಈ ಬೆಟ್ಟದಲ್ಲಿ ನಡೆಯೋದು ಒಂದು ಕಾಲಕ್ಕೆ ಅಪರಾಧ ಅನ್ನಿಸಿತ್ತು. 1932ರ ಏಪ್ರಿಲ್ 24ರಂದು ನಡೆಯುವ ಹಕ್ಕು ಬೇಕು ಅಂತ ನೂರಾರು ಜನ ಹೇಫೀಲ್ಡ್ ಊರಿನ ಕಡೆಯಿಂದ ಹತ್ತಿ ಜಮೀನುದಾರರ ಕಾವಲುಗಾರರನ್ನು ಎದುರಿಸಿದರು, ಐದು ಜನ ಜೈಲಿಗೆ ಹೋದರು.

ಇಳಿದ ಮೇಲೆ ಪಬ್ಬಿಗೋ ರೈಲಿಗೋ ಹೋಗುವ ಮುಂಚೆ ಹೊಳೆಯಲ್ಲಿ ಶೂ ತೊಳೆಯಿರಿ. ಮನೆಗೆ ಬಂದು ಒಳಗೆ ಹಳೇ ಪೇಪರ್ ತುರುಕಿ, ಗಾಳಿಯಾಡುವ ಕಡೆ ಇಡಿ, ಮಾರನೇ ದಿನ ಪೇಪರ್ ಬದಲಿಸಿ. ರೇಡಿಯೇಟರ್ ಮೇಲೆ ಮಾತ್ರ ಇಡಬೇಡಿ, ಚರ್ಮ ಬಿರಿಯುತ್ತದೆ, ಅಂಟು ಬಿಡುತ್ತದೆ.