ಹಾರ್ಟ್ ಪಂಪ್ ಇರುವವರು ಮನೆಗೆ ಬರುವ ಮುಂಚೆ ಏನೆಲ್ಲ ಮಾಡಿಕೊಳ್ಳಬೇಕು?

ಮಾತ್ರೆಗಳಿಂದಲೂ ಸುಧಾರಿಸದಷ್ಟು ಹಾರ್ಟ್ ವೀಕ್ ಆದಾಗ ಕೆಲವರಿಗೆ ಡಾಕ್ಟರು ಎಲ್‌ವಿಎಡಿ ಹಾಕಿಸಲು ಹೇಳುತ್ತಾರೆ. ಹೃದಯದ ತುದಿಗೆ ಕೂರಿಸುವ ಪುಟ್ಟ ಪಂಪ್ ಇದು. ಎಡಗಡೆಯ ಕೆಳಕೋಣೆಯಿಂದ ರಕ್ತ ಎಳೆದು ಮಹಾಪಧಮನಿಗೆ ತಳ್ಳುತ್ತದೆ. ಕೆಲವರಿಗೆ ಬದಲಿ ಹೃದಯ ಸಿಗುವ ತನಕ, ಕೆಲವರಿಗೆ ಕೊನೆಯವರೆಗೂ ಇದೇ ಆಸರೆ. ಪಂಪಿನ ವೈರ್ ಹೊಟ್ಟೆಯ ಚರ್ಮದಿಂದ ಹೊರಬಂದು ಸೊಂಟದ ಕಂಟ್ರೋಲರ್‌ಗೆ, ಅಂದರೆ ಪಂಪನ್ನು ನಡೆಸುವ ಪುಟ್ಟ ಪೆಟ್ಟಿಗೆಗೆ, ಸೇರುತ್ತದೆ. ಆಪರೇಷನ್ ಸರ್ಜನ್‌ಗಳ ಕೆಲಸ. ಡಿಸ್ಚಾರ್ಜ್ ಆದ ಮೇಲೆ ಎಲ್ಲವೂ ಮನೆಯವರ ಕೈಯಲ್ಲೇ.

ಕೊಡಗಿನಲ್ಲಿ ಮೊದಲು ನೋಡಬೇಕಾದ್ದು ಕರೆಂಟ್. ಜೂನ್ ಬಂತೆಂದರೆ ಲೈನ್ ಮೇಲೆ ಮರ ಬೀಳುತ್ತದೆ, ತೋಟದ ಮನೆಗಳಲ್ಲಿ ದಿನಗಟ್ಟಲೆ ಕತ್ತಲೆ. ಪಂಪ್‌ಗೆ ಒಂದು ಗಳಿಗೆಯೂ ಬಿಡುವಿಲ್ಲ, ಅಲ್ವಾ? ಈಗ ಹೆಚ್ಚು ಬಳಕೆಯಲ್ಲಿರುವ ಹಾರ್ಟ್‌ಮೇಟ್ 3ರಲ್ಲಿ ಒಂದು ಜೋಡಿ ಬ್ಯಾಟರಿ ಹೆಚ್ಚೆಂದರೆ 17 ಗಂಟೆ ಬರುತ್ತದೆ. ಹಾಗಾಗಿ ಕರೆಂಟ್ ಕೊಡುವ ಸೆಸ್ಕ್ ಕಂಪನಿಯ ಕಚೇರಿಗೆ ಹೋಗಿ ಮನೆಯ ಪರಿಸ್ಥಿತಿ ಬರೆದುಕೊಡಿ. ಜನರೇಟರ್ ವ್ಯವಸ್ಥೆ ಮಾಡಿ, ಅದರಿಂದ ಚಾರ್ಜ್ ಮಾಡಬಹುದೇ ಎಂದು ಆಸ್ಪತ್ರೆಯ ಪಂಪ್ ತಂಡವನ್ನು ಕೇಳಿ. ಅರ್ತಿಂಗ್ ಸರಿಯಿರುವ ಮೂರು ಪಿನ್ನಿನ ಪ್ಲಗ್ ಪಾಯಿಂಟ್ ಬೇಕೇ ಬೇಕು. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡ. ಆ ಸ್ವಿಚ್ ಮೇಲೆ ಟೇಪ್ ಅಂಟಿಸಿ, ಯಾರೂ ಮರೆತು ಆಫ್ ಮಾಡಬಾರದು.

ಇನ್ನು ಬ್ಯಾಟರಿ ಬದಲಿಸುವುದು. ಇದನ್ನು ಮನೆಯ ಇಬ್ಬರಾದರೂ ಕಲಿತಿರಬೇಕು. ಹೊಸ ಬ್ಯಾಟರಿಯ ಗುಂಡಿ ಒತ್ತಿ, ನಾಲ್ಕೂ ಹಸಿರು ದೀಪ ಹತ್ತುತ್ತವೆಯೇ ನೋಡಿ. ಹಳೆಯದು ಒಂದನ್ನು ಮಾತ್ರ ತೆಗೆಯಿರಿ. ಕಂಟ್ರೋಲರ್ ಬೀಪ್ ಎನ್ನುತ್ತದೆ, ಗಾಬರಿ ಬೇಡ. ಬಾಣದ ಗುರುತು ಹೊಂದಿಸಿ ಹೊಸದನ್ನು ಕ್ಲಿಪ್‌ಗೆ ತಳ್ಳಿ, ಮೆಲ್ಲಗೆ ಎಳೆದು ಗಟ್ಟಿ ಕೂತಿದೆಯೇ ಪರೀಕ್ಷಿಸಿ. ಆಮೇಲೆಯೇ ಎರಡನೆಯದು. ಎರಡನ್ನೂ ಒಟ್ಟಿಗೆ ಯಾವತ್ತೂ ಬಿಚ್ಚಬೇಡಿ! ಕಂಟ್ರೋಲರ್ ಒಳಗೊಂದು ಬ್ಯಾಕಪ್ ಇದೆ ನಿಜ, ಆದರೆ ಅದು ಸುಮಾರು 15 ನಿಮಿಷಕ್ಕಷ್ಟೇ. ಮಲಗುವಾಗ ಗೋಡೆಯ ಕರೆಂಟಿಗೆ ಹಾಕಿ, ಚಾರ್ಜ್ ಆದ ಬ್ಯಾಟರಿ ಮತ್ತು ಟಾರ್ಚ್ ಹಾಸಿಗೆ ಪಕ್ಕದಲ್ಲೇ ಇಡಿ.

ವೈರ್ ಹೊರಬರುವ ಜಾಗ ಸದಾ ಒಣಗಿರಬೇಕು. ಆಟಿ ತಿಂಗಳಲ್ಲಿ ಬಟ್ಟೆಯೇ ಒಣಗದ ಊರು ನಮ್ಮದು, ಡ್ರೆಸ್ಸಿಂಗ್ ಒದ್ದೆಯಾದರೆ ತಕ್ಷಣ ಬದಲಿಸಿ. ಕೈ ತೊಳೆದು, ಮಾಸ್ಕ್, ಗ್ಲೌಸ್ ಹಾಕಿಕೊಂಡೇ ಮುಟ್ಟಿ. ಕೆಂಪಾದರೆ, ಕೀವು ಬಂದರೆ, ಜ್ವರ ಬಂದರೆ ಅಂದೇ ಫೋನ್ ಮಾಡಿ. ಹೊಳೆ, ಕೆರೆಯಲ್ಲಿ ಈಜುವುದು ಇಲ್ಲವೇ ಇಲ್ಲ.

ಪಂಪಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ಕೊಡುತ್ತಾರೆ. ರಕ್ತ ಎಷ್ಟು ನಿಧಾನವಾಗಿ ಹೆಪ್ಪುಗಟ್ಟುತ್ತದೆ ಎಂದು ತೋರಿಸುವ ಐಎನ್‌ಆರ್ ಪರೀಕ್ಷೆಯ ಅಂಕಿ ಸಾಮಾನ್ಯವಾಗಿ 2ರಿಂದ 3ರ ಒಳಗಿರಬೇಕು. ಸೊಪ್ಪು ಈ ಮಾತ್ರೆಯ ಪರಿಣಾಮ ಕಡಿಮೆ ಮಾಡಬಹುದು, ಹಾಗೆಂದು ಬಿಡಬೇಕಿಲ್ಲ, ಪ್ರತಿವಾರ ತಿನ್ನುವ ಪ್ರಮಾಣ ಹೆಚ್ಚುಕಮ್ಮಿ ಒಂದೇ ಇರಲಿ. ಕಕ್ಕಡ ತಿಂಗಳ ಹದಿನೆಂಟನೇ ದಿನ ನಮ್ಮಲ್ಲಿ ಮಾಡುವ ಮದ್ದುಸೊಪ್ಪಿನ ಪಾಯಸಕ್ಕೂ ಮೊದಲೇ ಡಾಕ್ಟರನ್ನು ಕೇಳಿಕೊಳ್ಳಿ. ಸುಮ್ನೆ ನೋವಿನ ಮಾತ್ರೆ ನುಂಗಬೇಡಿ. ತೋಟಕ್ಕಿಳಿದಾಗ ಜಿಗಣೆ ಕಚ್ಚಿದರೆ ರಕ್ತ ಜಾಸ್ತಿ ಹೊತ್ತು ಹರಿಯುತ್ತದೆ, ಆದ್ದರಿಂದ ಮಳೆಗಾಲದಲ್ಲಿ ಇಳಿಯದಿರುವುದೇ ಒಳ್ಳೆಯದು.

ಅಕ್ಕಪಕ್ಕದವರಿಗೆ ಒಂದು ವಿಷಯ ಹೇಳಿಡಿ: ಇವರ ಕೈಯಲ್ಲಿ ನಾಡಿ ಸಿಗದೇ ಇರಬಹುದು, ಪಂಪ್ ಒಂದೇ ಸಮನೆ ರಕ್ತ ತಳ್ಳುವುದರಿಂದ ಹಾಗೆ. ಪ್ರಜ್ಞೆ ತಪ್ಪಿದರೆ ವೈರ್, ಬ್ಯಾಟರಿ ಸರಿಯಿದೆಯೇ ನೋಡಿ, 108ಕ್ಕೂ ಪಂಪ್ ತಂಡಕ್ಕೂ ಕರೆ ಮಾಡಿ. ಎದೆ ಒತ್ತುವುದು ಯಾವಾಗ ಎಂಬುದನ್ನು ಡಿಸ್ಚಾರ್ಜ್‌ಗೆ ಮೊದಲೇ ಕಲಿತುಬನ್ನಿ. ಎಂಆರ್‌ಐ ಮಾಡುವಂತಿಲ್ಲ ಎಂದು ಬರೆದ ಕಾರ್ಡ್ ಜೇಬಿನಲ್ಲಿರಲಿ. ಮಡಿಕೇರಿಯಿಂದ ಮೈಸೂರಿಗೇ ಸುಮಾರು 120 ಕಿಲೋಮೀಟರ್. ಹೊರಡುವಾಗ ಬಿಡಿ ಬ್ಯಾಟರಿ, ಬಿಡಿ ಕಂಟ್ರೋಲರ್ ಇರುವ ಬ್ಯಾಗ್ ರೋಗಿಯ ಜೊತೆಯಲ್ಲೇ ಇರಬೇಕು, ಡಿಕ್ಕಿಯಲ್ಲಿ ಅಲ್ಲ.